ಹೊಡೆಯುವ ಮುನ್ನ ಕಾಲು ಎಣಿಸಿರಿ
(ವಡಾಲದಲ್ಲಿ ಕಾರ್ಮಿಕ ಬಂಧುಗಳ ಮುಂದೆ ಮಾಡಿದ ಭಾಷಣ)



ಸೊಳ್ಳೆಯ ಕಾಟವನ್ನು ಕುರಿತು ವಡಾಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಳಿ ಮುಗಿಸಿ ಬಂದು ಒರಗಿದವನು ಗೋಡೆಯ ಮೇಲೆ ಉದ್ದ ಕಾಲಿನ ಹುಳುವನ್ನು ಕಂಡರೆ ಫಟ್ಟನೆ ಹೊಡೆಯುತ್ತಾನೆ. ಅದು ತಪ್ಪೆನ್ನಲಾರೆ. ಆದರೆ ಹಾಗೆ ಸತ್ತುದೆಲ್ಲವೂ ಸೊಳ್ಳೆಯಲ್ಲ. ಸೊಳ್ಳೆಯಂತೆಯೇ ತೋರುವ, ನಮ್ಮ ರಕ್ತದ ಗೊಡವೆಗೆ ಬಾರದ ಇನ್ನೊಂದು ಕೀಟವಿದೆ. ಅದನ್ನು ನೂಲುಗಾಲಿನ ಹಂತಕ ತಿಗಣೆ ಎಂದು ಕರೆಯಬಹುದು.

ಹೆಸರು ಕೇಳಿ ಹಾಸಿಗೆಯ ತಿಗಣೆಯನ್ನು ನೆನೆದು ಬೆಚ್ಚಬೇಡಿರಿ. ಇದು ಬೇರೆ ಕುಟುಂಬದ್ದು. ಭಾರತದಲ್ಲಿರುವ ಇದರ ಬಳಗವನ್ನು ಡಿಸ್ಟಂಟ್ ಎಂಬ ವಿದ್ವಾಂಸರು 1904ರಷ್ಟು ಹಿಂದೆಯೇ ವರ್ಣಿಸಿದ್ದಾರೆ. 1966ರಲ್ಲಿ ವೈಗೊಡ್ಜಿನ್‌ಸ್ಕಿ ಎಂಬವರು ಲೋಕದ ನೂಲುಗಾಲಿಗಳ ಮೇಲೆಯೇ ದೊಡ್ಡ ಗ್ರಂಥವನ್ನು ಬರೆದರು. ಇವುಗಳಲ್ಲಿ ಕೆಲವು ಸೊಳ್ಳೆಯಷ್ಟೇ ಸಣ್ಣವು. ಕೆಲವು ಒಂದಂಗುಲವನ್ನೂ ಮೀರಿದ ಕಡ್ಡಿಯಂಥವು.

ಗುರುತಿಸುವ ಬಗೆ ಹೇಗೆ? ಮೊದಲು ಕಾಲನ್ನು ನೋಡಿರಿ. ಎರಡಕ್ಕೂ ಕಾಲು ಆರೇ. ಸೊಳ್ಳೆ ಕೂತಾಗ ಸಾಮಾನ್ಯವಾಗಿ ಎತ್ತುವುದು ಹಿಂಗಾಲು. ಈ ಕೀಟವು ನಾಲ್ಕು ನೂಲುಗಾಲುಗಳ ಮೇಲೆ ನಿಂತು, ದಪ್ಪನೆಯ ಮುಂಗಾಲುಗಳೆರಡನ್ನು ಸೂರ್ಯನ ಕುದುರೆಯಂತೆ ಮಡಿಚಿಕೊಂಡಿರುತ್ತದೆ. ಇನ್ನು ಮೂತಿ. ಸೊಳ್ಳೆಯದು ಸೂಜಿಯಂತೆ ನೇರ. ಇದರದು ಗಿಡ್ಡ, ತಲೆಯಡಿಗೆ ಬಾಗಿದ ಕೊಕ್ಕು. ಸೊಳ್ಳೆಗೆ ರೆಕ್ಕೆ ಎರಡು. ಇದಕ್ಕೆ ರೆಕ್ಕೆಯಿದ್ದರೆ ನಾಲ್ಕು. ರೆಕ್ಕೆಯೇ ಇಲ್ಲದ ಜಾತಿಗಳೂ ಉಂಟು.

ಮಡಿಚಿದ ಆ ಮುಂಗಾಲೇ ಇದರ ಬೇಟೆಯ ಹತಾರ. ಸಣ್ಣ ಹುಳುಗಳನ್ನು ಅದರಿಂದ ಹಿಡಿದು, ಕೊಕ್ಕನ್ನು ಚುಚ್ಚಿ, ಜೊಲ್ಲನ್ನು ಒಳಸೇರಿಸಿ, ಒಳಗಿನದು ಕರಗಿದ ಮೇಲೆ ಹೀರುತ್ತದೆ. ಕೆಲವು ಜಾತಿಗಳು ಜೇಡರ ಬಲೆಯಲ್ಲೇ ವಾಸಮಾಡುತ್ತವೆ. ಆಸ್ಟ್ರೇಲಿಯದ ಒಂದು ಜಾತಿಯಂತೂ ಬಲೆಯ ಎಳೆಯನ್ನು ಮೀಟಿ, ಹುಳು ಸಿಕ್ಕಿಬಿದ್ದು ಒದ್ದಾಡುವಂತೆ ನಟಿಸಿ, ಜೇಡವನ್ನೇ ಕರೆದು ತಿನ್ನುತ್ತದೆಂದು ವಿಗ್ನಾಲ್ ಮತ್ತು ಟೇಲರ್ ಎಂಬ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದರು. ಬೇಟೆಗಾರನಿಗೇ ಬಲೆ ಬೀಸುವುದೆಂದರೆ ಇದೇ ಅಲ್ಲವೇ?

ಇದರ ಬಾಳೂ ಸೊಳ್ಳೆಯ ಬಾಳಿಗಿಂತ ಬೇರೆ. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆದು, ಕೋಶವಾಗಿ, ಆಮೇಲೆ ಹಾರುತ್ತದೆ. ಇದಕ್ಕೆ ನಿಂತ ನೀರೂ ಬೇಡ, ಕೋಶಾವಸ್ಥೆಯೂ ಇಲ್ಲ. ಮೊಟ್ಟೆಯಿಂದ ಹೊರಬಂದ ಮರಿಯು ತಾಯಿಯ ರೂಪವನ್ನೇ ಹೋಲುತ್ತದೆ. ಐದು ಸಲ ಪೊರೆ ಕಳಚಿ ದೊಡ್ಡದಾಗುತ್ತದೆ.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳಬೇಕು. ಇದನ್ನು ಬರಿಗೈಯಲ್ಲಿ ಹಿಡಿಯಬೇಡಿರಿ, ಒತ್ತಿದರೆ ಚುಚ್ಚೀತು. ಮಕ್ಕಳಿಗೂ ಹೇಳಿರಿ. ಎರಡನೆಯದಾಗಿ, ಇದು ಮನೆಯಲ್ಲಿದ್ದರೆ ಸೊಳ್ಳೆಯ ಚಿಂತೆ ಹೋಯಿತೆಂದು ನಂಬಬೇಡಿರಿ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಬೀಜವನ್ನು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡರು. ಮುಂಬಯಿಯಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ಸೊಳ್ಳೆ ಹುಟ್ಟುವುದು ನಮ್ಮ ಟಾಂಕಿಗಳಲ್ಲಿ, ಬಾವಿಗಳಲ್ಲಿ. ಆ ಟಾಂಕಿಗೆ ಮುಚ್ಚಳ ಹಾಕತಕ್ಕವರು ನಾವು. ನೂಲುಗಾಲಿ ಬಂದು ಮುಚ್ಚಳ ಹಾಕಲಾರದು.

ಆದುದರಿಂದ ನನ್ನ ಬೇಡಿಕೆ ಇಷ್ಟೇ. ಗೋಡೆಯ ಮೇಲಿನದನ್ನು ಹೊಡೆಯುವ ಮುನ್ನ ಒಂದು ಗಳಿಗೆ ದೀಪ ಹಿಡಿದು ನೋಡಿರಿ. ನಾಲ್ಕು ಕಾಲೂರಿ ಮುಂದಿನೆರಡನ್ನು ಮಡಿಚಿ ನಿಂತಿದ್ದರೆ ಅದರ ಪಾಡಿಗೆ ಅದನ್ನು ಬಿಡಿರಿ. ಮೈಕಟ್ಟು ನೋಡಿಯೇ ತೀರ್ಪು ಕೊಡುವುದು ಎಷ್ಟು ಅನ್ಯಾಯವೆಂದು, ಪರವೂರಿಗೆ ದುಡಿಯಲು ಬಂದ ನಮಗೆ ತಿಳಿಯದೆ?