ಸೊಪ್ಪಿನ ಬೆಟ್ಟಕ್ಕೊಂದು ಹತ್ತು ವರ್ಷದ ಲೆಕ್ಕ

ಇವತ್ತು ಕಾಡಿನ ಬಗ್ಗೆ ಮಾತಾಡೋಣ. ಹುಲಿ, ಆನೆ, ಸಫಾರಿ ಇರೋ ಕಾಡಲ್ಲ. ಮನೆ ಹಿಂದೆ ಇರೋ ಕಾಡು.

ನಾನು ಶಿರಸಿ ಕಡೆಯವನು. ನಮ್ಮಲ್ಲಿ ಅಡಿಕೆ ತೋಟದ ಜೊತೆಗೆ ಸೊಪ್ಪಿನ ಬೆಟ್ಟ ಅಂತ ಒಂದಿರುತ್ತೆ. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ. ಉತ್ತರ ಕನ್ನಡದಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದ್ದಾರೆ. ಅಲ್ಲಿಂದ ಹಸಿ ಸೊಪ್ಪು, ದರಕು ಅಂದ್ರೆ ಒಣಗಿದ ಎಲೆ ತಂದು ಕೊಟ್ಟಿಗೆಗೆ ಹಾಸ್ತೀವಿ. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತೆ. ಆದರೆ ಬೆಟ್ಟದ ಜಾಗ ಸರ್ಕಾರದ್ದು. ಬಳಸಿಕೊಳ್ಳೋ ಹಕ್ಕು ಮಾತ್ರ ನಮ್ಮದು.

ತೊಂದರೆ ಶುರುವಾಗೋದು ಇಲ್ಲೇ. ಸೊಪ್ಪು ನಮ್ಮದು ಅಂತ ಕಡೀತೀವಿ. ಮರ ಸರ್ಕಾರದ್ದು ಅಂತ ನೆಡೋದಿಲ್ಲ. ಇಲಾಖೆಯವರಿಗೋ, ಇಷ್ಟು ಸಾವಿರ ತುಂಡು ಬೆಟ್ಟಗಳನ್ನು ಒಂದೊಂದಾಗಿ ನೋಡ್ಕೊಳ್ಳೋಕೆ ಆಗಲ್ಲ. ಹಾಗಾಗಿ ಬೆಟ್ಟ ಇಬ್ಬರದ್ದೂ ಹೌದು, ಯಾರದ್ದೂ ಅಲ್ಲ.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಅಪ್ಪಯ್ಯನಿಗೆ ಹೇಳಿದೆ, ನಮ್ಮ ಬೆಟ್ಟಕ್ಕೊಂದು ಪ್ಲಾನ್ ಬೇಕು ಅಂತ. ಅವರು ನಕ್ಕರು. "ಇಷ್ಟೆಲ್ಲ ಮರ ಇದ್ದಲಾ ತಮಾ, ಮತ್ತೆಂತ ಲೆಕ್ಕ?" ಅಂದರು.

ಸರಿ, ಎಣಿಸಿಯೇ ಬಿಡೋಣ ಅಂತ ಇಬ್ಬರೂ ಹಗ್ಗ ಹಿಡ್ಕೊಂಡು ಹೊರಟ್ವಿ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆ ಸೇರಿದ್ರೆ ಒಂದು ಎಕರೆ. ಬೆಟ್ಟದ ಮೂರು ಬೇರೆ ಬೇರೆ ಕಡೆ ಒಂದೊಂದು ಗುಂಟೆಗೆ ಹಗ್ಗ ಕಟ್ಟಿ, ಒಳಗಿರೋದನ್ನೆಲ್ಲ ಮೂರು ಪಟ್ಟಿಯಲ್ಲಿ ಬರೆದ್ವಿ: ದೊಡ್ಡ ಮರ, ತೋಳಿನ ದಪ್ಪದ ಎಳೆ ಮರ, ಮೊಣಕಾಲೆತ್ತರದ ಸಸಿ. ದೊಡ್ಡ ಮರಗಳಿದ್ದವು: ಮತ್ತಿ, ಹೊನ್ನೆ, ನಂದಿ. ಎಳೆ ಮರ ಬೆರಳೆಣಿಕೆಯಷ್ಟು. ಸಸಿ? ಮೂರೂ ಗುಂಟೆಯಲ್ಲಿ ಒಂದೂ ಇಲ್ಲ. ದರಕನ್ನು ಪೂರ್ತಿ ಗುಡಿಸಿದ್ವಿ, ಬೀಜ ಬಿದ್ದಲ್ಲಿ ಬರೀ ಗಟ್ಟಿ ಮಣ್ಣು. ಅಪ್ಪಿತಪ್ಪಿ ಮೊಳೆತದ್ದನ್ನು ದನ ಮೇಯ್ತು. ಉಳಿದದ್ದನ್ನು ಬೇಸಿಗೆಯ ಬೆಂಕಿ ತಿಂತು.

ಅಪ್ಪಯ್ಯ ಪಟ್ಟಿ ನೋಡ್ತಾ ಸುಮ್ಮನೆ ನಿಂತರು. ಅಲ್ಲಿದ್ದದ್ದೆಲ್ಲ ಅವರ ಅಜ್ಜನ ಕಾಲದ ಮರ. ನನ್ನ ಕಾಲಕ್ಕೆ ಅಂತ ಒಂದೂ ಹುಟ್ಟಿರಲಿಲ್ಲ.

ಈ ಎಣಿಕೆ ನಾನು ಕಂಡುಹಿಡಿದದ್ದಲ್ಲ. 1856ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಬರ್ಮಾದ ತೇಗದ ಕಾಡಿಗೆ ಬಂದಾಗ ಮೊದಲು ಮಾಡಿದ ಕೆಲಸಗಳಲ್ಲಿ ಇದೂ ಒಂದು. ಕಾಡಿನೊಳಗೆ ಸಾಗುತ್ತಾ ಮರಗಳನ್ನು ದಪ್ಪದ ಪ್ರಕಾರ ಎಣಿಸಿ, ವರ್ಷಕ್ಕೆ ಎಷ್ಟು ಕಡಿದರೆ ಕಾಡು ಉಳಿಯುತ್ತೆ ಅಂತ ಲೆಕ್ಕ ಹಾಕಿದ. ಇವತ್ತಿಗೂ ಅರಣ್ಯ ಇಲಾಖೆಯ ಪ್ರತಿ ವಿಭಾಗಕ್ಕೆ ವರ್ಕಿಂಗ್ ಪ್ಲಾನ್ ಅಂತ ಇರುತ್ತೆ, ಸಾಮಾನ್ಯವಾಗಿ 10 ವರ್ಷದ್ದು. ಯಾವ ಭಾಗದಲ್ಲಿ ಏನಿದೆ, ಯಾವಾಗ ಏನು ಮಾಡಬೇಕು ಅಂತ ಅದರಲ್ಲಿ ಬರೆದಿರುತ್ತೆ. ಸರ್ಕಾರಿ ಕಾಡಿಗೆ ಅದು ಬೇಕು ಅಂದ್ರೆ, ನಮ್ಮ ಕೈಲಿರೋ ಕಾಡಿಗೆ ಯಾಕೆ ಬೇಡ?

ನಮ್ಮದು ಒಂದೇ ಪುಟದ ಪ್ಲಾನ್. ಬೆಟ್ಟವನ್ನು ಮೂರು ಪಾಲು ಮಾಡಿದ್ವಿ. ವರ್ಷಕ್ಕೊಂದು ಪಾಲಲ್ಲಿ ಮಾತ್ರ ಸೊಪ್ಪು, ಉಳಿದೆರಡಕ್ಕೆ ರಜೆ. ಕಡಿಯುವಾಗಲೂ ಮರದ ತುದಿ ಮುಟ್ಟೋ ಹಾಗಿಲ್ಲ. ದರಕು ಪೂರ್ತಿ ಗುಡಿಸೋ ಹಾಗಿಲ್ಲ. ಬೇಸಿಗೆಗೆ ಮೊದಲೇ ಸುತ್ತಲೂ ಬೆಂಕಿ ರೇಖೆ ಸವರಬೇಕು. ರಜೆಯಲ್ಲಿರೋ ಪಾಲಿಗೆ ದನ ಬಿಡಬಾರದು. ಖಾಲಿ ಜಾಗದಲ್ಲಿ ಉಪ್ಪಾಗೆ, ಮುರುಗಲು, ಹಲಸಿನ ಬೀಜ ಊರಬೇಕು.

ಕಷ್ಟ ಇಲ್ವಾ? ಇದೆ. ಮೊದಲ ವರ್ಷ ಸೊಪ್ಪು ಸಾಲದೆ ಗೊಬ್ಬರ ಕಡಿಮೆ ಆಯ್ತು, ದುಡ್ಡು ಕೊಟ್ಟು ಕೊಂಡ್ವಿ. ಅಪ್ಪಯ್ಯ ಎರಡು ಸಲ ಸಿಟ್ಟು ಮಾಡ್ಕೊಂಡ್ರು. ಪ್ಲಾನ್ ಮಾಡೋದು ಒಂದು ದಿನದ ಕೆಲಸ, ಆದರೆ ಕೈ ಕಟ್ಕೊಂಡು ಕಾಯೋದು ಮೂರು ವರ್ಷದ ಕೆಲಸ.

ಇನ್ನು ಸ್ವಂತ ಹಿಡುವಳಿ ಇದ್ದವರಿಗೆ ಎರಡು ಮಾತು. ನಿಮ್ಮ ಜಮೀನಿನ ಮರವೇ ಆದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಕಡಿಯೋಕೆ ಅನುಮತಿ ಬೇಕು. ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಯಾವ ಮರ ನೆಡ್ತೀರಿ ಅನ್ನೋವಾಗಲೇ, ಮುಂದೆ ಅದನ್ನು ಕಡಿಯೋದು ಹೇಗೆ ಅಂತ ಕೇಳ್ಕೊಳ್ಳಿ. ಎರಡನೇದು, ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ಇಲಾಖೆಯಿಂದ ಸಸಿ ತಂದು ನೆಟ್ಟರೆ, ಬದುಕಿರೋ ಗಿಡ ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ಕೊಡ್ತಾರೆ. ಗಮನಿಸಿ, ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ. ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ.

ಕಳೆದ ಮಳೆಗಾಲ ಮುಗಿದ ಮೇಲೆ ಅದೇ ಮೂರು ಗುಂಟೆಗೆ ಮತ್ತೆ ಹಗ್ಗ ಕಟ್ಟಿದ್ವಿ. ಎರಡು ಗುಂಟೆಯಲ್ಲಿ ಮತ್ತಿ, ಹೊನ್ನೆ ಸಸಿಗಳು ಬಂದಿವೆ, ನಾವು ನೆಡದೇ. ಮೂರನೇದರಲ್ಲಿ ಇನ್ನೂ ಏನೂ ಇಲ್ಲ. ಈ ಸಲ ಪಟ್ಟಿ ಬರೆದವರು ಅಪ್ಪಯ್ಯ.

ದಕ್ಷಿಣ ಕನ್ನಡದವರಿಗೆ ಕುಮ್ಕಿ, ಕೊಡಗಿನವರಿಗೆ ಬಾಣೆ. ನಿಮ್ಮ ಕಡೆಯೂ ಇಂಥದ್ದೊಂದು ಜಾಗ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಹಗ್ಗ ತಗೊಂಡು ಒಂದೇ ಒಂದು ಗುಂಟೆ ಎಣಿಸಿ ನೋಡಿ. ದೊಡ್ಡ ಮರ ಎಷ್ಟಿವೆ ಅಂತಲ್ಲ, ಸಸಿ ಎಷ್ಟಿವೆ ಅಂತ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರ್ಕೊಂಡು ಹೋಗಿ.