ತಟ್ಟೆಯಿಂದ ಹೊಲದವರೆಗೆ: ಪಥ್ಯತಜ್ಞರ ಅಳತೆಯೂ ಸಮಗ್ರ ಪೋಷಣೆಯ ಮಾತೂ

(ಮಲೆನಾಡಿನ ಹಳ್ಳಿಗರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಮಲೆನಾಡಿನ ಸಭೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಊಟದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ನದಿಯಲ್ಲಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆ ಮತ್ತು ಮುನಿರಾಬಾದ್‌ಗಳ ನಡುವಿನ ಅಣೆಕಟ್ಟಿನ ಹಿಂದೆ ನಿಲ್ಲುತ್ತವೆ. ಅಲ್ಲಿಂದ ಎಡದಂಡೆ ಕಾಲುವೆಯಲ್ಲಿ ಹರಿದು ಗಂಗಾವತಿಯ ಗದ್ದೆಗಳಲ್ಲಿ ಭತ್ತವಾಗುತ್ತವೆ. ಮಲೆಯ ಮಳೆ ಬಯಲಿನ ಅನ್ನವಾಗುವ ಈ ದಾರಿಯನ್ನು ಬಲ್ಲವರಿಗೆ ಆಹಾರದ ಪ್ರಶ್ನೆ ಯಾವುದೋ ದೂರದ ಸೀಮೆಯ ಪ್ರಶ್ನೆಯಾಗಿ ಉಳಿಯದು.

ಇತ್ತೀಚಿನ ವರ್ಷಗಳಲ್ಲಿ ಎರಡು ಹೆಸರುಗಳು ಹಳ್ಳಿಗಳವರೆಗೂ ತಲುಪಿವೆ. ಒಂದು ಡಯಟೀಷಿಯನ್, ಅಂದರೆ ಪಥ್ಯತಜ್ಞ. ಇನ್ನೊಂದು ಹೋಲಿಸ್ಟಿಕ್ ನ್ಯೂಟ್ರಿಷನಿಸ್ಟ್, ಅಂದರೆ ಸಮಗ್ರ ಪೋಷಣೆಯ ಸಲಹೆಗಾರ. ಇಬ್ಬರೂ ಏನನ್ನು ಉಣ್ಣಬೇಕೆಂದು ಹೇಳುವವರೇ. ಆದರೆ ಅವರ ಕಲಿಕೆ, ಹೊಣೆ ಮತ್ತು ನೋಟ ಬೇರೆ ಬೇರೆ. ಈ ಭೇದವನ್ನು ಅರಿಯದೆ ಯಾರದೋ ಮಾತಿಗೆ ಮಾತ್ರೆ ಬಿಟ್ಟವರೂ ಇದ್ದಾರೆ. ಮಾತ್ರೆಯೊಂದೇ ಸಾಕೆಂದು ಊಟವನ್ನು ಮರೆತವರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ವಿಚಾರ ಮಾಡುವುದು ಅಗತ್ಯ.

ಪಥ್ಯತಜ್ಞರ ಕೆಲಸ ಅಳತೆಯಿಂದ ಆರಂಭವಾಗುತ್ತದೆ. ಅವರು ರೋಗಿಯ ತೂಕ, ಎತ್ತರ, ರಕ್ತದ ಹಿಮೋಗ್ಲೋಬಿನ್, ಸಕ್ಕರೆಯ ಪ್ರಮಾಣ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ನೋಡಿ, ವೈದ್ಯರು ಗುರುತಿಸಿದ ರೋಗಕ್ಕೆ ತಕ್ಕಂತೆ ದಿನಕ್ಕೆ ಎಷ್ಟು ಪ್ರೋಟೀನ್, ಎಷ್ಟು ಉಪ್ಪು, ಎಷ್ಟು ಪಿಷ್ಟ ಎಂದು ಲೆಕ್ಕ ಹಾಕುತ್ತಾರೆ. ಅದಕ್ಕೆ ಪದವಿ ಮತ್ತು ಆಸ್ಪತ್ರೆಯ ತರಬೇತಿ ಬೇಕು. ಭಾರತೀಯ ಪಥ್ಯಾಹಾರ ತಜ್ಞರ ಸಂಘ 1963ರಲ್ಲಿ ಸ್ಥಾಪನೆಯಾಯಿತು. ಸಂಸತ್ತು 2021ರಲ್ಲಿ ಅಂಗೀಕರಿಸಿದ ಸಹಾಯಕ ಹಾಗೂ ಆರೋಗ್ಯ ಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು ಪಥ್ಯತಜ್ಞರನ್ನೂ ಪೋಷಣಾತಜ್ಞರನ್ನೂ ತನ್ನ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿತು.

ಸಮಗ್ರ ಪೋಷಣೆಯ ಸಲಹೆಗಾರರು ಅಂಕಿಗಿಂತ ಬದುಕನ್ನು ಮೊದಲು ಕೇಳುತ್ತಾರೆ. ನಿದ್ದೆ ಹೇಗಿದೆ, ಹೊಟ್ಟೆ ಹೇಗಿದೆ, ಮನಸ್ಸಿಗೆ ನೆಮ್ಮದಿಯಿದೆಯೇ, ಋತುವಿಗೆ ತಕ್ಕುದನ್ನು ಉಣ್ಣುತ್ತಿದ್ದಾರೆಯೇ, ಪಾಲಿಶ್ ಮಾಡದ ಧಾನ್ಯ ಮನೆಯಲ್ಲಿದೆಯೇ ಎಂಬುದು ಅವರ ಪ್ರಶ್ನೆಗಳು. ಈ ಪ್ರಶ್ನೆಗಳು ಒಳ್ಳೆಯವೇ. ಆದರೆ 'ಸಮಗ್ರ' ಎಂಬ ವಿಶೇಷಣಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಅರ್ಥವಿಲ್ಲ. ಪೋಷಣಾ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಈ ಮಾರ್ಗವನ್ನು ಆರಿಸಿಕೊಂಡವರೂ ಇದ್ದಾರೆ. ಕೆಲವು ವಾರಗಳ ತರಬೇತಿ ಪಡೆದು ಫಲಕ ತೂಗುಹಾಕಿದವರೂ ಇದ್ದಾರೆ. ಹೆಸರಿನಿಂದಷ್ಟೇ ಇವರಿಬ್ಬರನ್ನು ಬೇರ್ಪಡಿಸಲಾಗದು.

ಈಗ ಕೊಪ್ಪಳದ ಕಡೆಗೆ ಬರಬಹುದು. ಈ ಸೀಮೆಯಲ್ಲಿ ಎರಡು ಬಗೆಯ ಭೂಮಿ, ಎರಡು ಬಗೆಯ ಊಟ. ಯಲಬುರ್ಗಾ ಮತ್ತು ಕುಷ್ಟಗಿಗಳು ಮಳೆಯಾಶ್ರಿತ ಸೀಮೆ. ಅಲ್ಲಿನ ಎರೆ ಮತ್ತು ಮಸಾರಿ ಹೊಲಗಳು ಜೋಳ, ಸಜ್ಜೆ, ನವಣೆ, ಹೆಸರು, ಹುರುಳಿ, ಮಡಿಕೆಕಾಳು, ಕಡಲೆ, ಅಗಸೆ ಮತ್ತು ಗುರೆಳ್ಳುಗಳನ್ನು ಬೆಳೆದುಕೊಟ್ಟಿವೆ. ಆ ಹೊಲದ ಬೆಳೆ ತಟ್ಟೆಗೂ ಹಾಗೆಯೇ ಬರುತ್ತಿತ್ತು: ರೊಟ್ಟಿ, ಪುಂಡಿಪಲ್ಯ, ಮೊಳಕೆಕಾಳು, ಅಗಸಿ ಚಟ್ನಿ, ಶೇಂಗಾ ಚಟ್ನಿ, ಮಜ್ಜಿಗೆ. ನೆರೆಯ ಬಳ್ಳಾರಿ ಜಿಲ್ಲೆಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಕೊರಲೆ, ಹುರುಳಿ ಮತ್ತು ಹೆಸರಿನ ಕರಿಕಾದ ಕಾಳುಗಳು ದೊರೆತಿವೆ. ಕಿರುಧಾನ್ಯವನ್ನೂ ಬೇಳೆಯನ್ನೂ ಕೂಡಿಸಿ ಉಣ್ಣುವ ಪದ್ಧತಿ ಈ ನೆಲದಲ್ಲಿ ಅಷ್ಟು ಹಳೆಯದು. ಪ್ರತಿ ವರ್ಷ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳು ಲಕ್ಷಗಟ್ಟಲೆ ಜೋಳದ ರೊಟ್ಟಿಗಳನ್ನು ಸುಟ್ಟು ತಂದು ಒಪ್ಪಿಸುವುದು ಅದೇ ನೆನಪಿನ ಮುಂದುವರಿಕೆ.

ಗಂಗಾವತಿಯ ಕಥೆ ಬೇರೆ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಂದ ಬಳಿಕ ಒಣ ಹೊಲಗಳು ಗದ್ದೆಗಳಾದವು. ಆಂಧ್ರದಿಂದ ಬಂದ ಕೃಷಿಕರ ಕ್ಯಾಂಪುಗಳು ಹುಟ್ಟಿಕೊಂಡವು. ಅಕ್ಕಿ ಗಿರಣಿಗಳು ಎದ್ದವು. ಸೋನಾ ಮಸೂರಿಯ ಹೆಸರಿನೊಡನೆ ಗಂಗಾವತಿಗೆ ಭತ್ತದ ಕಣಜವೆಂಬ ಬಿರುದು ಬಂತು. ಒಂದು ಕಾಲಕ್ಕೆ ಹಬ್ಬದ ದಿನ ಮಾತ್ರ ಉಣ್ಣುತ್ತಿದ್ದ ಅನ್ನ ಪ್ರತಿದಿನದ ಊಟವಾಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ನ್ಯಾಯಬೆಲೆ ಅಂಗಡಿಯ ಅಕ್ಕಿ ಒಣಸೀಮೆಯ ಮನೆಗಳನ್ನೂ ತುಂಬಿತು. ಹಸಿವನ್ನು ಹಿಂಗಿಸಿದ ಆ ಅಕ್ಕಿಯನ್ನು ಹೀಗಳೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಹೊಟ್ಟೆ ತುಂಬುವುದೂ ಮೈ ತುಂಬುವುದೂ ಒಂದೇ ಅಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಕೋಷ್ಟಕವನ್ನು ವಿದ್ಯಾರ್ಥಿಗಳು ಅವಶ್ಯವಾಗಿ ನೋಡಬೇಕು. ಅದರ ಪ್ರಕಾರ ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ, ನಾರು 3 ಗ್ರಾಂಗಿಂತ ಕಡಿಮೆ, ಕಬ್ಬಿಣ ಸುಮಾರು 0.65 ಮಿಲಿಗ್ರಾಂ. ಜೋಳದಲ್ಲಿ ಪ್ರೋಟೀನ್ ಸುಮಾರು 10 ಗ್ರಾಂ, ನಾರು 10 ಗ್ರಾಂ, ಕಬ್ಬಿಣ ಸುಮಾರು 4 ಮಿಲಿಗ್ರಾಂ. ಸಜ್ಜೆಯಲ್ಲಿ ಪ್ರೋಟೀನ್ ಸುಮಾರು 11 ಗ್ರಾಂ, ನಾರು 11 ಗ್ರಾಂಗಿಂತ ಹೆಚ್ಚು, ಕಬ್ಬಿಣ ಸುಮಾರು 6.4 ಮಿಲಿಗ್ರಾಂ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8 ಮಂದಿಗೂ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5ರಷ್ಟಕ್ಕೂ ರಕ್ತಹೀನತೆಯಿತ್ತು. ಧಾನ್ಯ ಬದಲಾದುದೊಂದೇ ಇದಕ್ಕೆ ಕಾರಣವಲ್ಲ. ಆದರೆ ತಟ್ಟೆಯಲ್ಲಿ ಅನ್ನ ಮತ್ತು ತೆಳುಸಾರು ಮಾತ್ರ ಉಳಿದಾಗ ಕೊರತೆ ತುಂಬುವ ದಾರಿ ಕಿರಿದಾಗುತ್ತದೆ.

ಯಲಬುರ್ಗಾ ಸೀಮೆಯ ಒಬ್ಬ ಬಸುರಿ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಬಹುದು. ಆಕೆಗೆ ರಕ್ತ ಕಡಿಮೆ. ಪಥ್ಯತಜ್ಞೆ ಹಿಮೋಗ್ಲೋಬಿನ್ ನೋಡಿ, ವೈದ್ಯರು ಕೊಟ್ಟ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ತಪ್ಪದೆ ನುಂಗಲು ಹೇಳಿ, ಸೊಪ್ಪು, ಕಾಳು, ಮೊಟ್ಟೆಗಳ ಪ್ರಮಾಣವನ್ನು ಬರೆದುಕೊಡುತ್ತಾಳೆ. ಇದು ಸರಿಯಾದ ಚಿಕಿತ್ಸೆ. ಸಮಗ್ರ ನೋಟವುಳ್ಳವಳು ಇನ್ನಷ್ಟು ಕೇಳುತ್ತಾಳೆ. ಊಟವಾದ ಕೂಡಲೇ ಚಹಾ ಕುಡಿಯುವೆಯಾ? ಚಹಾ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಕಾಳನ್ನು ಮೊಳಕೆ ಬರಿಸುವೆಯಾ, ಅಂಬಲಿಯನ್ನು ಹುಳಿ ಬರಿಸುವೆಯಾ, ಪಲ್ಯಕ್ಕೆ ನಿಂಬೆ ಹಿಂಡುವೆಯಾ? ಇವುಗಳಿಂದ ಕಬ್ಬಿಣಾಂಶ ಹೆಚ್ಚಾಗಿ ಹತ್ತುತ್ತದೆ. ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಮನೆಯಲ್ಲಿ ಎಲ್ಲರೂ ಉಂಡ ಮೇಲೆ ನಿನಗೆ ಉಳಿಯುವುದೆಷ್ಟು? ಯಾವ ಕೋಷ್ಟಕದಲ್ಲಿಯೂ ಇಲ್ಲದ ಈ ಪ್ರಶ್ನೆಯನ್ನು ಕೇಳುವುದೇ ಸಮಗ್ರತೆ. ಇಲ್ಲಿ ಎರಡು ನೋಟಗಳು ಪರಸ್ಪರ ವಿರೋಧಿಗಳಲ್ಲ. ಒಂದು ಇನ್ನೊಂದನ್ನು ಪೂರ್ಣಗೊಳಿಸುತ್ತದೆ.

ನೀರಿನ ವಿಷಯದಲ್ಲಿ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಕೀಲು ಬಿಗಿಯುತ್ತದೆ, ಎಲುಬು ಬಾಗುತ್ತದೆ. ಆಹಾರದಲ್ಲಿ ಸುಣ್ಣಾಂಶ ಕಡಿಮೆಯಿರುವ ಮಕ್ಕಳಿಗೆ ಇದರ ಹೊಡೆತ ಹೆಚ್ಚು. ಅಂತಹ ಮಗುವಿಗೆ ಹಾಲು, ರಾಗಿ, ಸೊಪ್ಪು ಬೇಕು. ಆದರೆ ನೀರು ಬದಲಾಗದೆ ಊಟವೊಂದರಿಂದಲೇ ರೋಗ ನಿಲ್ಲದು. ಮಳೆನೀರನ್ನು ಹಿಡಿಯದೆ, ಕೆರೆಯ ಹೂಳನ್ನು ತೆಗೆಯದೆ, ಕೊಳವೆಬಾವಿಯನ್ನು ಆಳಕ್ಕೆ ಇನ್ನೂ ಆಳಕ್ಕೆ ಕೊರೆಯುತ್ತಾ ಹೋದ ಊರಿಗೆ ಯಾವ ಪಥ್ಯದ ಚೀಟಿಯೂ ಪೂರ್ಣ ಪರಿಹಾರವಲ್ಲ. ಸಮಗ್ರ ಎಂಬ ಪದಕ್ಕೆ ನಿಜವಾದ ಅರ್ಥ ದೊರೆಯುವುದು ಇಲ್ಲಿಯೇ.

ಹಾಗೆಂದು ಆ ಪದದ ದುರುಪಯೋಗವನ್ನು ಮರೆಮಾಚಬಾರದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದಕ್ಕೂ ಮೊದಲೇ, 2019-20ರ ಸುಮಾರಿಗೆ, ಕರ್ನಾಟಕ ಸರ್ಕಾರ ರೈತಸಿರಿ ಯೋಜನೆಯಡಿ ಕಿರುಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ ಹತ್ತು ಸಾವಿರ ರೂಪಾಯಿಯ ಪ್ರೋತ್ಸಾಹಧನ ಘೋಷಿಸಿತ್ತು. ಇವು ಸ್ವಾಗತಾರ್ಹ. ಆದರೆ ನವಣೆ ತಿಂದರೆ ಸಕ್ಕರೆಕಾಯಿಲೆಯ ಮಾತ್ರೆ ಬೇಡ, ಇನ್ಸುಲಿನ್ ಬೇಡ ಎನ್ನುವ ಮಾತುಗಳೂ ಅದೇ ಗಾಳಿಯಲ್ಲಿ ತೇಲಿಬಂದವು. ಜೋಳದಲ್ಲಿಯೂ ನೂರು ಗ್ರಾಂಗೆ ಸುಮಾರು 68 ಗ್ರಾಂ ಪಿಷ್ಟವಿದೆ. ಅದು ಅಕ್ಕಿಯ ಪಿಷ್ಟಕ್ಕಿಂತ ನಿಧಾನವಾಗಿ ರಕ್ತಕ್ಕೆ ಸೇರೀತು, ಆದರೆ ಸೇರದೆ ಇರದು. ಟೈಪ್ ಒಂದರ ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ನಿಲ್ಲಿಸುವುದೆಂದರೆ ಪ್ರಾಣಕ್ಕೇ ಕುತ್ತು. ಮೂತ್ರಪಿಂಡ ದುರ್ಬಲವಾದವರಿಗೆ ಸೊಪ್ಪು, ಎಳನೀರುಗಳಲ್ಲಿನ ಪೊಟ್ಯಾಸಿಯಂ ಅಪಾಯಕಾರಿ. ಇಂತಹ ಕಡೆ ಪಥ್ಯತಜ್ಞರ ಅಳತೆಯೇ ರಕ್ಷೆ.

ಹಳೆಯ ಊಟವೆಲ್ಲವೂ ನಿರ್ದೋಷವೆಂಬ ಭಾವನೆಯೂ ಸರಿಯಲ್ಲ. ದಖ್ಖನಿನ ಬಡವರಲ್ಲಿ ಜೋಳವೊಂದನ್ನೇ ಉಣ್ಣುತ್ತಿದ್ದವರಿಗೆ ಪೆಲ್ಲಗ್ರಾ ಎಂಬ ರೋಗ ಬರುತ್ತಿತ್ತು: ಬಿಸಿಲು ಬಿದ್ದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಕಳವಳ. ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿ ಈ ರೋಗವನ್ನು ಜೋಳದ ಊಟದೊಡನೆ ಜೋಡಿಸಿ ವಿವರಿಸಿದರು. ದೋಷ ಜೋಳದ್ದಲ್ಲ, ಒಂಟಿ ಜೋಳದ್ದು. ಜೊತೆಗೆ ಬೇಳೆ, ಶೇಂಗಾ, ಹಾಲು, ಸೊಪ್ಪುಗಳಿದ್ದ ಮನೆಗೆ ಆ ಭಯವಿರಲಿಲ್ಲ. ಅನ್ನವೊಂದೇ ಆಗಲಿ, ರೊಟ್ಟಿಯೊಂದೇ ಆಗಲಿ, ಬಡತನವು ತಟ್ಟೆಯನ್ನು ಒಂದೇ ಪದಾರ್ಥಕ್ಕೆ ಇಳಿಸಿದಾಗ ರೋಗ ಬರುತ್ತದೆ. ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಉಳ್ಳ ಹುರುಳಿಯನ್ನು ದನದ ಮೇವೆಂದು ಬದಿಗೊತ್ತಿದ ಊರುಗಳು ಇದನ್ನು ನೆನೆಯಬೇಕು.

ಮೊಟ್ಟೆಯ ವಿವಾದವೂ ಇದೇ ಪಾಠವನ್ನು ಹೇಳುತ್ತದೆ. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಉತ್ತರ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲೆಯೊಂದರ ಹೆಣ್ಣುಮಕ್ಕಳು ಮೊಟ್ಟೆ ಬೇಕೇ ಬೇಕೆಂದು ಧೈರ್ಯವಾಗಿ ನುಡಿದದ್ದು ನಾಡಿನಲ್ಲೆಲ್ಲ ಸುದ್ದಿಯಾಯಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನವು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನು ಗದಗಿನ ಮಕ್ಕಳೊಡನೆ ಹೋಲಿಸಿ, ಅವರ ತೂಕ ಹೆಚ್ಚಿದುದನ್ನು ತೋರಿಸಿತು. 2022ರಲ್ಲಿ ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಉತ್ತಮ ಪ್ರೋಟೀನ್ ಇದೆ ಎಂಬುದು ಪಥ್ಯತಜ್ಞರ ಅಳತೆ. ಉಣ್ಣುವ ಮಗುವಿನ ಮಾತನ್ನೂ ಕೇಳಬೇಕು, ಒಲ್ಲದ ಮಗುವಿಗೆ ಬೇರೊಂದನ್ನು ಕೊಡಬೇಕು ಎಂಬುದು ಸಮಗ್ರ ದೃಷ್ಟಿ. ಉಣ್ಣುವವರನ್ನೇ ಹೊರಗಿಟ್ಟು ಶುದ್ಧ ಆಹಾರವನ್ನು ನಿರ್ಧರಿಸುವುದು ಎರಡೂ ಅಲ್ಲ.

ಆದುದರಿಂದ ಆಹಾರದ ಸಲಹೆ ಕೊಡುವ ಯಾರನ್ನೇ ಆಗಲಿ ಹಳ್ಳಿಯವರು ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಒಂದು, ಎಲ್ಲಿ, ಎಷ್ಟು ವರ್ಷ ಕಲಿತಿದ್ದೀರಿ? ಎರಡು, ವೈದ್ಯರು ಕೊಟ್ಟ ಔಷಧಿಯನ್ನು ಬಿಡಲು ಹೇಳುತ್ತೀರಾ? ಹೇಳಿದರೆ ಆ ವೈದ್ಯರನ್ನೇ ಕೇಳದೆ ಬಿಡಬಾರದು. ಮೂರು, ತಿನ್ನಲು ಹೇಳಿದ್ದನ್ನು ನೀವೇ ಮಾರುತ್ತೀರಾ? ಸಲಹೆಯೂ ಅಂಗಡಿಯೂ ಒಂದೇ ಕೈಯಲ್ಲಿದ್ದರೆ ಎಚ್ಚರಿಕೆ ಇಮ್ಮಡಿಯಾಗಬೇಕು. ಹಾಗೆಯೇ ಚೀಟಿ ಬರೆಯುವ ಪಥ್ಯತಜ್ಞರನ್ನೂ ಕೇಳಬೇಕು: ಈ ಸೀಮೆಯಲ್ಲಿ ಬೆಳೆಯದ, ಈ ಮನೆಗೆ ಕೊಳ್ಳಲಾಗದ ಪದಾರ್ಥವನ್ನೇ ಏಕೆ ಬರೆದಿರಿ? ಓಟ್ಸ್ ಎಂದು ಬರೆದ ಕಡೆ ಸಜ್ಜೆ ಎಂದು ಬರೆಯಲು ಸಾಧ್ಯವಿಲ್ಲವೇ?

ಕೊನೆಯ ಮಾತು ಮತ್ತೆ ನದಿಯದು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯಂಚಿನ ಮನೆಗಳು ಬೆಳೆಯ ಚಿಂತೆಯಲ್ಲಿ ನಿದ್ದೆಗೆಟ್ಟವು. ಮೇಲಿನ ಸೀಮೆಯಲ್ಲಿ ಕಾಡು ಬೋಳಾಗಿ, ಗಣಿಯಿಂದ ಗುಡ್ಡ ಸಡಿಲಗೊಂಡು, ಮಣ್ಣು ಹೊಳೆಗಿಳಿದಂತೆ ಕೆಳಗಿನ ಊಟದ ಭದ್ರತೆ ಕರಗುತ್ತದೆ. ಮಲೆನಾಡಿನಲ್ಲಿ ಒಂದು ಹಳ್ಳದ ದಂಡೆಯ ಮರಗಳನ್ನು ಉಳಿಸಿದವರು ಗಂಗಾವತಿಯ ಒಂದು ಮನೆಯ ಅನ್ನವನ್ನು ಉಳಿಸಿದಂತೆ. ಕುಷ್ಟಗಿಯಲ್ಲಿ ಸಜ್ಜೆಯ ಬೀಜವನ್ನು ಕಾಪಿಟ್ಟವರು ಮುಂದಿನ ಬರಗಾಲದ ಊಟವನ್ನು ಕಾಪಿಟ್ಟಂತೆ.

ಪಥ್ಯತಜ್ಞರು ದೇಹವನ್ನು ಅಳೆಯಲಿ, ಅದು ಅವರ ವಿದ್ಯೆ. ಸಮಗ್ರ ಪೋಷಣೆಯವರು ಬದುಕನ್ನು ಕೇಳಲಿ, ಅದು ಅವರ ಒಲವು. ನೀರು, ಹೊಲ, ಬೀಜ ಮತ್ತು ಮನೆಯೊಳಗಿನ ಸಮಪಾಲನ್ನು ನೋಡಿಕೊಳ್ಳುವ ಹೊಣೆ ಮಾತ್ರ ಊರಿನದು. ಅದನ್ನು ಯಾವ ತಜ್ಞರಿಗೂ ಒಪ್ಪಿಸಿ ಕೈತೊಳೆದುಕೊಳ್ಳಲಾಗದು.