ಮೂರನೆಯ ಬೇಸಿಗೆಗೆ ನೀರು ಹೊರುವವರಾರು?



ಕಾಲೇಜಿನ ಎನ್.ಎಸ್.ಎಸ್. ಘಟಕದಿಂದಲೋ ಊರಿನ ಯುವಕ ಸಂಘದಿಂದಲೋ ಒಂದು ಪುಟ್ಟ ನಿಸರ್ಗ ಉದ್ಯಾನ ಮಾಡಬೇಕೆಂದು ನಿಮ್ಮಲ್ಲಿ ಹಲವರು ಯೋಚಿಸಿರಬಹುದು. ಕೆರೆಯ ಪಕ್ಕದ ಬಂಜರು, ಗುಂಡುತೋಪಿನ ಅಳಿದುಳಿದ ಭಾಗ, ಬೆಟ್ಟದ ಬುಡ, ಹೀಗೆ ಹುಡುಕಿದರೆ ಎಲ್ಲಾದರೂ ಒಂದಿಷ್ಟು ಜಾಗ ಸಿಕ್ಕೀತು. ಜೂನ್ 5ರಂದು ಸಸಿ ನೆಡುತ್ತೇವೆ, ಭಾಷಣವಾಗುತ್ತದೆ, ಟಿ.ವಿ. ಕ್ಯಾಮೆರಾ ಕೂಡ ಅಂದೇ ಬರುತ್ತದೆ. ಅದೇ ಸಸಿಗಳ ಮುಂದೆ ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ಕ್ಯಾಮೆರಾ ನಿಲ್ಲಿಸುವ ನಿರ್ಮಾಪಕರು ಕಡಿಮೆ. ನಾನೂ ನಿಲ್ಲಿಸಿಲ್ಲ, ಒಪ್ಪಿಕೊಳ್ಳುತ್ತೇನೆ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯನ್ನೇ ನೋಡಿ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯನವರು ಅಲ್ಲಿ ಸುಮಾರು 4 ಕಿಲೋಮೀಟರ್ ಉದ್ದಕ್ಕೂ ಬೆಳೆಸಿದ 385 ಆಲದ ಮರಗಳ ವಿಷಯ ನೀವು ಪಾಠದಲ್ಲಿ ಓದಿರುತ್ತೀರಿ. ಆದರೆ ಅವರ ಲೆಕ್ಕ ನೋಡಿದ್ದೀರಾ? ಮೊದಲ ವರ್ಷ 10 ಸಸಿ, ಎರಡನೆಯ ವರ್ಷ 15, ಮೂರನೆಯ ವರ್ಷ 20. ಒಂದೇ ದಿನ ಸಾವಿರ ಸಸಿ ನೆಡುವ ಇಂದಿನ ಉತ್ಸಾಹಕ್ಕೆ ಇದು ಏನೇನೂ ಅಲ್ಲವೆನಿಸಬಹುದು. ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಬಿಂದಿಗೆಗಳಲ್ಲಿ ಮೈಲಿಗಟ್ಟಲೆ ನೀರು ಹೊರಬೇಕಿತ್ತು. ಹೊರಬಲ್ಲಷ್ಟು ಬಿಂದಿಗೆಗೆ ತಕ್ಕಷ್ಟೇ ಸಸಿ! ಊರ ಹತ್ತಿರ ಆಲದ ಮರಗಳು ಧಾರಾಳವಾಗಿದ್ದವು, ಸಸಿಗಳನ್ನು ಅವುಗಳಿಂದಲೇ ಮಾಡಿಕೊಂಡರು. ಮಳೆಗಾಲಕ್ಕೆ ನೆಟ್ಟರು, ದನಕರು ಮೇಯದಂತೆ ಸುತ್ತಲೂ ಮುಳ್ಳು ಕಟ್ಟಿದರು. ನಮ್ಮ ಬಯಲುಸೀಮೆಯಲ್ಲಿ ನವೆಂಬರ್ ಕಳೆದರೆ ಮತ್ತೆ ಮಳೆ ಕಾಣುವುದು ಏಪ್ರಿಲ್ ಹೊತ್ತಿಗೆ. ಬೇರು ಆಳಕ್ಕಿಳಿಯುವ ತನಕ ಎರಡು ಮೂರು ಬೇಸಿಗೆಗಳನ್ನು ದಾಟಿಸಿದವರಿಗೆ ಮಾತ್ರ ಮರ ಸಿಗುತ್ತದೆ.

ಆ ಸಾಲು ಇಂದು ಹಕ್ಕಿಗಳ ಪಾಲಿಗೆ ಉದ್ದನೆಯ ಉದ್ಯಾನವೇ ಸರಿ. ಆಲದ ಹಣ್ಣಿನೊಳಗೆ ಪರಾಗಸ್ಪರ್ಶ ಮಾಡಲು ಕಡಲೆಕಾಳಿಗಿಂತ ಎಷ್ಟೋ ಚಿಕ್ಕದಾದ ಒಂದು ಕಣಜ ಬೇಕು. ಆ ಕಣಜದ ಸಂತತಿ ನಿರಂತರ ಉಳಿಯಬೇಕಾದರೆ ಯಾವ ತಿಂಗಳಿನಲ್ಲಾದರೂ ಒಂದಲ್ಲ ಒಂದು ಮರ ಕಾಯಿ ಬಿಟ್ಟಿರಬೇಕು. ಹೀಗಾಗಿ ಬೇರೆ ಹಣ್ಣುಗಳಿಲ್ಲದ ಕಾಲದಲ್ಲೂ ಹಸಿರುಪಾರಿವಾಳ, ಕುಟುರ ಹಕ್ಕಿಗಳಿಗೆ ಆಲದಲ್ಲಿ ಊಟ ಸಿಗುತ್ತದೆ. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಿಂದ ಇವೇ ಮರಗಳಿಗೆ ಕೊಡಲಿಯ ಭಯ ಬಂದಾಗ ತಿಮ್ಮಕ್ಕ ಮುಖ್ಯಮಂತ್ರಿಗಳಿಗೇ ಮೊರೆಯಿಟ್ಟರು. ಅದೇ ವರ್ಷ ಅವರಿಗೆ ಪದ್ಮಶ್ರೀ ಸಂದಿತ್ತು. ಪ್ರಶಸ್ತಿ ಬಂದ ಮೇಲೂ ಮರ ಕಾಯುವ ಕೆಲಸ ಮುಗಿಯಲಿಲ್ಲವೆಂಬುದನ್ನು ಗಮನಿಸಿ. 2025ರ ನವೆಂಬರ್ 14ರಂದು, 114ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ವೃಕ್ಷೋದ್ಯಾನಗಳನ್ನು ಅರಣ್ಯ ಇಲಾಖೆ ರಾಜ್ಯದ ಹಲವೆಡೆ ಮಾಡಿದೆ.

ಯಾವ ಮರವೆಂಬುದನ್ನು ಆಯಾ ಊರೇ ಹೇಳುತ್ತದೆ. ಚನ್ನಪಟ್ಟಣದವರಾದರೆ ಹಾಲೆ ಮರವನ್ನು ಮರೆಯಬೇಡಿ. ನಿಮ್ಮೂರಿನ ಗೊಂಬೆಗಳನ್ನು ಕಡೆದದ್ದು ಆ ಮರದಿಂದಲೇ.

ಇನ್ನು ಕೆಲವು ನೆಲಗಳಿಗೆ ಸಸಿಯೇ ಬೇಡ! ರಾಮನಗರದ ರಾಮದೇವರ ಬೆಟ್ಟ ಅಂಥದ್ದು. 'ಶೋಲೆ' ಚಿತ್ರದಲ್ಲಿ ಗಬ್ಬರ್ ಸಿಂಗನ ಬೀಡಾಗಿ ಕಂಡದ್ದು ಈ ಸೀಮೆಯ ಬಂಡೆಗಳೇ. ಇಲ್ಲಿನ ಕಡಿದಾದ ಬಂಡೆಯ ಸಂದುಗಳಲ್ಲಿ ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. 2012ರಲ್ಲಿ ಸರ್ಕಾರ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲಿ ರಣಹದ್ದಿಗೆಂದೇ ಮೀಸಲಾದ ಮೊದಲ ಧಾಮ ಇದು. ಆದರೂ ಇಲ್ಲಿ ಉಳಿದ ಹಕ್ಕಿಗಳು ಬೆರಳೆಣಿಕೆಯಷ್ಟು.

ಕಾರಣ ಬೆಟ್ಟದಲ್ಲಿಲ್ಲ, ನಮ್ಮ ಕೊಟ್ಟಿಗೆಯಲ್ಲಿದೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ, ಸತ್ತ ದನದ ಮಾಂಸದ ಮೂಲಕ ರಣಹದ್ದಿನ ದೇಹ ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಷ್ಟರಲ್ಲಿ ಭಾರತದಲ್ಲಿ ಈ ಜಾತಿಯ ನೂರಕ್ಕೆ 95ಕ್ಕಿಂತ ಹೆಚ್ಚು ಹಕ್ಕಿಗಳು ಹೋಗಿಬಿಟ್ಟಿದ್ದವು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳಿಗೆ ನಿಷೇಧ ಬಂದದ್ದು 2023ರಲ್ಲಿ. ಮೆಲಾಕ್ಸಿಕಾಂ ಎಂಬ ಔಷಧಿಯಿಂದ ರಣಹದ್ದುಗಳಿಗೆ ಹಾನಿಯಿಲ್ಲ. ಹಾಗಾಗಿ ಇಲ್ಲಿ ಸ್ವಯಂಸೇವಕರ ಕೈಗೆ ಗುದ್ದಲಿಗಿಂತ ದುರ್ಬೀನು, ಟಿಪ್ಪಣಿ ಪುಸ್ತಕಗಳೇ ಹೆಚ್ಚು ಒಪ್ಪುತ್ತವೆ. ಹಕ್ಕಿ ಎಣಿಸುವುದು, ರೈತರ ಮನೆಗೆ ಹೋಗಿ ದನದ ಔಷಧಿಯ ಬಗ್ಗೆ ಮಾತನಾಡುವುದು, ಬೆಟ್ಟದ ಮೇಲಿನ ದೇವಾಲಯಕ್ಕೆ ಬರುವ ಭಕ್ತರು ಬಿಟ್ಟುಹೋದ ಪ್ಲಾಸ್ಟಿಕ್ ಆಯುವುದು, ಇವು ಫೋಟೋಕ್ಕೆ ಒದಗುವ ಕೆಲಸಗಳಲ್ಲ. ಮೊದಲ ಸಲ ಹೋದಾಗ ರೈತ ನಿಮ್ಮ ಮಾತು ಕೇಳದಿರಬಹುದು. ಅವನ ಎತ್ತು ನರಳುತ್ತಿರುವಾಗ ಹದ್ದಿನ ಚಿಂತೆ ಅವನಿಗೇಕೆ? ಹಳ್ಳಿಯ ಪಶುವೈದ್ಯರನ್ನು ಜೊತೆಗೆ ಕರೆದುಕೊಂಡು ಮತ್ತೊಮ್ಮೆ ಹೋಗಿ.

ಹಕ್ಕಿಗಳನ್ನು ನೋಡುವ ಆಸೆಯಿದ್ದವರು ಡಿಸೆಂಬರ್, ಜನವರಿಯಲ್ಲಿ ಹೊರಡಿ. ಅದು ಮರಿ ಮಾಡುವ ಕಾಲ. ಬಂಡೆ ಹತ್ತಬೇಡಿ, ಗದ್ದಲ ಬೇಡ. ಬೆಟ್ಟದ ಬುಡದಿಂದಲೇ ಬಂಡೆಯ ಮೈಮೇಲೆ ಸುಣ್ಣ ಸುರಿದಂಥ ಬಿಳಿಯ ಹಿಕ್ಕೆಯ ಗೆರೆಗಳನ್ನು ಹುಡುಕಿ, ಹಕ್ಕಿ ಕೂರುವ ತಾಣ ಅಲ್ಲೇ ಇರುವ ಸಂಭವ ಹೆಚ್ಚು. ಬಿಸಿಲೇರಿ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ಅವು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತವೆ. ಎಷ್ಟು ಕಂಡವೆಂದು ದಿನಾಂಕ, ಸಮಯ ಸಹಿತ ಬರೆದಿಡಿ. ಒಂದೂ ಕಾಣದಿದ್ದರೆ ಸೊನ್ನೆಯೆಂದು ಬರೆಯಿರಿ, ಆ ಪುಟವನ್ನು ಹರಿಯಬೇಡಿ.